ಹನ್ನೊಂದು ಮಿಲಿಮೀಟರ್

ಭಾಗ್ಯವಂತಿ, ಎಡಗೈ ಸಡಿಲ ಬಿಡು.
ಇದು ಸೂಜಿಯಲ್ಲ, ಬರೀ ಚಿಮಟ.
ತೋಳಿನ ಹಿಂಬದಿಯ ಚರ್ಮ ಎರಡು ಬೆರಳಲ್ಲಿ ಎತ್ತಿ
ಚಿಮಟ ಹಿಡಿದು ಮೂರು ಎಣಿಸುತ್ತೇನೆ, ಅಷ್ಟೇ.
ಕಚಗುಳಿಯಾದರೆ ನಗು,
ಮುಳ್ಳು ನಿಲ್ಲುವ ತನಕ ಅಲುಗಬೇಡ.

ಹನ್ನೊಂದು.
ಮತ್ತೊಮ್ಮೆ ಹಿಡಿದೆ. ಹನ್ನೊಂದೇ.

ತೂಕ ಹದಿನಾರು ಕಿಲೋ, ಮೇಲೆ ಇನ್ನೂರು ಗ್ರಾಂ.
ಮೊಣಕಾಲ ಚಿಪ್ಪು ಎದ್ದು ಕಾಣುತ್ತದೆ.
ನಿನ್ನ ಮುಂಗೈ ನನ್ನ ಬೆರಳುಂಗುರದೊಳಗೆ ಸಲೀಸಾಗಿ ತಿರುಗುತ್ತದೆ.
"ಕಡ್ಡಿ ಆಗ್ಯಾಳ ನೋಡ್ರಿ" ಅನ್ನುತ್ತಾಳೆ ನಿನ್ನವ್ವ ಜಗದೇವಿ,
"ಒಂದ್ ರೊಟ್ಟಿ ತಿನ್ಲಾಕ ಒಂದ್ ತಾಸು ಮಾಡ್ತಾಳ."
ಆ ಕಡ್ಡಿಯೊಳಗೆ ಬೆಣ್ಣೆ ಇದೆ,
ಸ್ನಾಯು ಇರಬೇಕಾದ ಕಡೆ ಅದು ಬಂದು ಕೂತಿದೆ
ಎಂದು ಹೇಗೆ ಹೇಳಲಿ?
ಕೊಬ್ಬು ಎಂಬ ಮಾತಿಗೆ ಈ ಓಣಿಯಲ್ಲಿ ಬೇರೆಯೇ ಅರ್ಥ.
ಮೊನ್ನೆ ಮೂರನೇ ಮನೆಯಲ್ಲಿ ಬಾಯಿ ತಪ್ಪಿ ಅಂದು
ಮುದುಕಿಯ ಕೈಲಿ ಬೈಸಿಕೊಂಡೆ:
"ಕೂಸಿಗಿ ಕೊಬ್ಬು ಅಂತೀಯೇನ್? ನಿನಗದ ಕೊಬ್ಬು!"

ಆರು ವರ್ಷದ ಹಿಂದೆಯೂ ಇದೇ ಬ್ಯಾಗು.
ಆಗ ನೀನು ಹೊಟ್ಟೆಯಲ್ಲಿ, ಏಳು ತಿಂಗಳು.
ನಿನ್ನವ್ವನ ನರ ಸಿಗದೆ ಮೂರು ಸಲ ಚುಚ್ಚಿದವಳು ನಾನೇ.
ಕಪನೂರಿನ ಬೇಳೆ ಮಿಲ್ಲಿನಿಂದ ನೇರ ಬಂದಿದ್ದಳು,
ರೆಪ್ಪೆಯ ಮೇಲೆ ತೊಗರಿಯ ಧೂಳು.
ಬೆಳಕು ಹರಿಯುವ ಮೊದಲು ಒಳಗೆ,
ಹೊತ್ತು ಮುಳುಗಿದ ಮೇಲೆ ಹೊರಗೆ,
ನಡುವೆ ತಗಡಿನ ಕೆಳಗೆ ಆರಿಸುವುದು, ಕೇರುವುದು.
ಬಿಸಿ ಬೇಕಾದಷ್ಟು ಸಿಕ್ಕಿತ್ತು ಅವಳಿಗೆ. ಬಿಸಿಲು ಸಿಕ್ಕಿರಲಿಲ್ಲ.
ಹಾಲು ಕುಡಿಯುತ್ತೀಯಾ ಎಂದಿದ್ದೆ.
"ಚಹಾದ ಬಣ್ಣ ಬದಲಾಗೂವಷ್ಟು."

ಮೂರು ಟ್ಯೂಬು ತುಂಬಿ, ಐಸಿನಲ್ಲಿ ಹೂತು, ಆಟೋ ಹಿಡಿದು ಓಡಿದೆ.
ಮೈನಸ್ ಎಂಬತ್ತರ ಪೆಟ್ಟಿಗೆ ನುಂಗಿಕೊಂಡಿತು.
ಆ ಮೇ ತಿಂಗಳು ಕಲಬುರಗಿಯಲ್ಲಿ
ರಾತ್ರಿ ಎಂಟಕ್ಕೂ ನಲ್ಲಿಯ ನೀರು ಕೈ ಸುಡುತ್ತಿತ್ತು,
ಕಾಗೆಗಳು ಬಾಯಿ ತೆರೆದೇ ಕೂತಿದ್ದವು.
ಇಡೀ ಊರಲ್ಲಿ ತಣ್ಣಗಿದ್ದದ್ದು
ನಿನ್ನವ್ವನ ಮೂರು ಚಮಚ ರಕ್ತ.
ಕರೆಂಟು ಹೋದಾಗಲೆಲ್ಲ ಅದಕ್ಕಾಗಿ ಜನರೇಟರು ಗುಡುಗಿತು.
ನೀನು ಹುಟ್ಟಿದ ರಾತ್ರಿ ಹೆರಿಗೆ ವಾರ್ಡಿನ ಫ್ಯಾನು ನಿಂತಿತ್ತು.

ಬೋರಲು ಬಿದ್ದೆ, ಜೋಳದ ಹಿಟ್ಟು ಮುಕ್ಕಿದೆ,
ಅಂಗನವಾಡಿಯಲ್ಲಿ ಪಕ್ಕದವಳ ತತ್ತಿ ಕದ್ದು ಸಿಕ್ಕಿಬಿದ್ದೆ.
ರಕ್ತ ಹಾಗೇ ಇತ್ತು, ನಂಬರು ನಾನೂರ ಹದಿನೇಳು.
ಹೋದ ಮಾಘದಲ್ಲಿ ದುಡ್ಡು ಮಂಜೂರಾಗಿ ಪೆಟ್ಟಿಗೆ ತೆರೆದರು.
ಡಿ: ಒಂಬತ್ತು. ಇಪ್ಪತ್ತಾದರೂ ಇರಬೇಕಿತ್ತು.
ಬಿ-ಟ್ವೆಲ್ವ್ ಅದಕ್ಕಿಂತ ಬಡವಿ.

ತಾಯಿಗೆ ತಿಳಿಸತಕ್ಕದ್ದು ಎಂದು ಹಾಳೆಯಲ್ಲಿದೆ.
ತಿಳಿಸಿದೆ.
ಜಗದೇವಿ ಮೊದಲು ನಕ್ಕುಬಿಟ್ಟಳು:
"ಕಲಬುರಗ್ಯಾಗ ಬಿಸಿಲು ಕಮ್ಮಿ ಬಿತ್ತಂದ್ರ
ಯಾರ್ ನಂಬ್ತಾರ್ರಿ ಅಕ್ಕೋರ?"
ನಗು ಪೂರಾ ಇಳಿಯುವ ಮುಂಚೆ ಕೈಲಿದ್ದ ಮೊರ ಕೆಳಗಿಟ್ಟಳು.
"ಅಂದ್ರ… ನನ್ನಿಂದೇ ಏನ್ರಿ?"

ನೂರಾರು ತಾಯಂದಿರ ಲೆಕ್ಕ ಕೂಡಿಸಿ ಒಂದು ಗೆರೆ ಎಳೆಯುತ್ತಾರೆ,
ಗೆರೆಗೆ ತಾಗದ ಚುಕ್ಕೆಗಳೇ ಜಾಸ್ತಿ, ಒಬ್ಬಳ ಬಗ್ಗೆ ಹೀಗೇ ಎನ್ನಲಾಗದು,
ತರಬೇತಿಯ ಮಾತು ಗಂಟಲವರೆಗೆ ಬಂತು, ನುಂಗಿದೆ.
"ನಿನ್ನಿಂದಲ್ಲ" ಅಂದೆ.
ಮತ್ತ ಯಾರಿಂದ ಎಂದು ಅವಳು ಕೇಳಲಿಲ್ಲ.
ಕೇಳಿದ್ದರೆ ಮಿಲ್ಲಿನ ತಗಡು ತೋರಿಸುತ್ತಿದ್ದೆನೋ,
ಆರು ವರ್ಷ ಬೀಗ ಬಿದ್ದ ಪೆಟ್ಟಿಗೆಯನ್ನೋ.
ಆ ಬೀಗದ ಒಂದು ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು.

ನಿನಗೆ ಸಾಕಾಯಿತು. ನನ್ನ ಚಿಮಟ ಕಸಿದು
ಅವ್ವನ ತೋಳು ಹಿಡಿದೆ. ಒಂದು, ಎರಡು, ಮೂರು.
"ಏನೂ ಸಿಗವಲ್ದು" ಅಂದು ಒಗೆದು
ಹೊರಗೆ ಓಡಿದೆ.

ಹನ್ನೊಂದೂವರೆ. ಶಹಾಬಾದ್ ಫರ್ಸಿ ಕಾದ ಹಂಚು.
ಒಂದು ಕಾಲು ಎತ್ತುತ್ತೀ, ಇನ್ನೊಂದು ಇಡುತ್ತೀ,
ಹಂಚಿನ ಮೇಲಿನ ಜೋಳದ ಕಾಳಿನಂತೆ ಸಿಡಿಯುತ್ತೀ.
"ಭಾಗ್ಯಾ, ಚಪ್ಪಲ್ ಹಾಕ್ಕೋ, ಒಳಗ…"
ಎಂದವಳು ಅಲ್ಲೇ ತಡೆದಳು,
ಬಾಗಿಲಿಗೆ ಬಂದು ಆಕಾಶ ನೋಡಿದಳು.
"ಚಪ್ಪಲ್ ಹಾಕ್ಕೋ" ಅಂದಳು, ಅಷ್ಟೇ.